ಸಾಕವ್ವನ ಹುಂಜ ಮತ್ತು ಗಲ್ಲಿನ ಹಗ್ಗ

ಮುಡುಕುತೊರೆ ಬೆಟ್ಟದ ಮೇಲೆ ಮಲ್ಲಿಕಾರ್ಜುನನ ಗುಡಿ ಹತ್ತಿರ ನಿಂತರೆ ಕೆಳಗೆ ಕಾವೇರಿ ಮುಡುಕಿಕೊಂಡು ಹರಿಯುವುದು ಕಾಣುತ್ತದೆ. ಅಲ್ಲೇ ಸಮೀಪದಲ್ಲಿ ತಲಕಾಡಿನ ಮರಳು, ಮಾಲಂಗಿಯ ಮಡು. ಜಾತ್ರೆಗೆ ಬಂದ ಹಿರಿಯರು ಮಕ್ಕಳಿಗೆ ಅಲಮೇಲಮ್ಮನ ಕತೆ ಹೇಳುತ್ತಾರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತಗೊಂಡರು. ಸೋತ ಶ್ರೀರಂಗರಾಯನ ಹೆಂಡತಿಯ ಹತ್ತಿರವಿದ್ದ ಒಡವೆಗಾಗಿ ಆಳುಗಳು ಬಂದರು. ಆಕೆ ಶಾಪ ಹಾಕಿ ಹೊಳೆಗೆ ಹಾರಿದಳು ಅಂತ ಕತೆ. ಶಾಪ ಎಲ್ಲರಿಗೂ ಬಾಯಿಪಾಠ. ಆದರೆ ಆಕೆ ಮಾಡಿದ ತಪ್ಪೇನು ಅಂತ ಯಾರೂ ಕೇಳೋದಿಲ್ಲ. ಒಡವೆ ಕೊಡಲಿಲ್ಲ, ಅಷ್ಟೇ. ಯಾರ ಮೇಲೂ ಕೈ ಎತ್ತದ ಹೆಂಗಸನ್ನು ಸಾವಿನ ತನಕ ಅಟ್ಟಿಕೊಂಡು ಹೋದ ಕತೆಯನ್ನು ನಾವು ದೊರೆಗಳಿಗೆ ಮಕ್ಕಳಾಗದ ಕತೆ ಮಾಡಿಬಿಟ್ಟಿದ್ದೇವೆ.

ಇದನ್ನು ನೆನೆಯೋದಕ್ಕೆ ಕಾರಣ ಇದೆ. ಟೀ ಅಂಗಡಿಯಿಂದ ಹಿಡಿದು ಕಾಲೇಜಿನ ಚರ್ಚಾಸ್ಪರ್ಧೆವರೆಗೆ ಒಂದು ಮಾತು ಬಲು ಸಲೀಸಾಗಿ ಬರುತ್ತದೆ: ಲಂಚ ತಿಂದವನನ್ನ ಗಲ್ಲಿಗೇರಿಸಿ, ಕಲಬೆರಕೆ ಮಾಡಿದವನನ್ನ ಗಲ್ಲಿಗೇರಿಸಿ. ನಮ್ಮ ಸಂಘಟನೆಯ ಹುಡುಗರೂ ಹೇಳುತ್ತಾರೆ. ಅವರ ಸಿಟ್ಟು ಸುಳ್ಳಲ್ಲ. ಆದರೆ ರಕ್ತ ಹರಿಸದ ತಪ್ಪಿಗೆ ಜೀವವನ್ನೇ ದಂಡವಾಗಿ ಕಟ್ಟಿಸಿಕೊಳ್ಳುವ ಪದ್ಧತಿ ಈ ನೆಲದಲ್ಲಿ ಯಾರ ಮೇಲೆ ಚಲಾವಣೆಯಾಗಿದೆ ಅನ್ನೋದನ್ನ ನಮ್ಮದೇ ಸಾಹಿತ್ಯ ಬರೆದಿಟ್ಟಿದೆ. ಅದನ್ನು ಮತ್ತೆ ಓದಬೇಕು.

ನಂಜನಗೂಡು ತಾಲ್ಲೂಕಿನ ದೇವನೂರಿನಿಂದ ಬಂದ ಮಹಾದೇವರ ‘ಒಡಲಾಳ’ವನ್ನು ಹಸಿವಿನ ಕತೆ ಅಂತ ಪಾಠ ಮಾಡುತ್ತೇವೆ. ಸರಿಯೇ. ಆದರೆ ಅದು ನ್ಯಾಯದ ಕತೆಯೂ ಹೌದು. ಒಂದೇ ಕತೆಯೊಳಗೆ ಎರಡು ವಸ್ತು ಕಳೆದುಹೋಗುತ್ತವೆ. ಸಾಕವ್ವನ ಹುಂಜ ಒಂದು, ಸಾವ್ಕಾರ ಎತ್ತಪ್ಪನ ಕಡಲೆಕಾಯಿ ಇನ್ನೊಂದು. ಹುಂಜ ಕಳೆದರೆ ಮುದುಕಿಯೇ ಬೀದಿ ಬೀದಿ ಅಲೆಯಬೇಕು. ಕೇಸಿಲ್ಲ, ಮಹಜರಿಲ್ಲ. ಕಡಲೆಕಾಯಿ ಕಳೆದರೆ ಪೊಲೀಸರು ಹಟ್ಟಿಗೇ ಬರುತ್ತಾರೆ. ಒಂದು ರಾತ್ರಿ ಇಡೀ ಮನೆ ಬೆಂಕಿ ಸುತ್ತ ಕೂತು ತಿಂದದ್ದು ಕಾನೂನಿನ ಪ್ರಕಾರ ಅಪರಾಧ; ಆ ಮನೆ ತಲೆಮಾರುಗಳಿಂದ ಹಸಿದದ್ದು ಯಾವ ಕಲಮಿನಡಿಯೂ ಬರೋದಿಲ್ಲ. ಮಹಾದೇವರು ಇದನ್ನು ಎಲ್ಲೂ ಭಾಷಣ ಮಾಡೋದಿಲ್ಲ. ಹುಂಜವನ್ನೂ ಕಡಲೆಕಾಯನ್ನೂ ಒಂದೇ ಮನೆಯೊಳಗೆ ಇಟ್ಟು ಸುಮ್ಮನಾಗುತ್ತಾರೆ. ನಮ್ಮ ಬಂಡಾಯದ ಎಷ್ಟೋ ಕವಿತೆಗಳು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವು. ಈ ಸುಮ್ಮನಿರುವಿಕೆ ನಮಗೆ ಒಗ್ಗಲಿಲ್ಲ.

‘ಒಡಲಾಳ’ದಲ್ಲಿ ಶಿಕ್ಷೆ ಪೊಲೀಸರ ಕೈಲಿದೆ. 1984ರ ‘ಕುಸುಮಬಾಲೆ’ಗೆ ಬಂದರೆ ಪೊಲೀಸರೂ ಬೇಕಾಗಿಲ್ಲ. ಹೊಲಗೇರಿಯ ಚನ್ನ ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿದ. ಅದಕ್ಕೆ ಜೀವ ಹೋಯಿತು. ದೂರಿಲ್ಲ, ವಿಚಾರಣೆ ಇಲ್ಲ, ತೀರ್ಪು ಬರೆದ ಕಾಗದ ಇಲ್ಲ. ಜನ ಬಾಯಿ ಬಿಡದ ಊರಲ್ಲಿ ಜೋತಮ್ಮಗಳು ರಾತ್ರಿ ಕೂಡಿ ಮಾತಾಡಬೇಕಾಗುತ್ತದೆ. ಇದನ್ನು ಮಾಂತ್ರಿಕ ವಾಸ್ತವ ಅಂತ ಪಂಡಿತರು ಹೊರದೇಶದ ಅಳತೆಗೋಲು ಹಿಡಿದು ಅಳೆದರು. ನನಗೆ ಕಾಣೋದು ಬೇರೆ. ಸಾಕ್ಷಿ ಹೇಳುವವರಿಲ್ಲದ ಕಡೆ ದೀಪಕ್ಕಾದರೂ ಬಾಯಿ ಬರಬೇಕು, ಇಲ್ಲದಿದ್ದರೆ ಆ ಸಾವು ಸಾವೇ ಅಲ್ಲ ಅಂತ ಆಗಿಬಿಡುತ್ತದೆ. ಅಲಮೇಲಮ್ಮ ಅರಮನೆಯ ಹೆಂಗಸು, ಆಕೆಯ ಶಾಪ 400 ವರ್ಷ ಉಳಿಯಿತು. ಚನ್ನನಂಥವರ ಶಾಪ ಯಾರ ಕಿವಿಗೆ ಬಿತ್ತು?

ಕುವೆಂಪು 1944ರಲ್ಲೇ ‘ಶೂದ್ರ ತಪಸ್ವಿ’ಯಲ್ಲಿ ಇದೇ ಪ್ರಶ್ನೆ ಎತ್ತಿದ್ದರು. ಶಂಬೂಕನ ತಪ್ಪು ತಪಸ್ಸು, ದಂಡ ಮರಣ. ನಾಟಕದಲ್ಲಿ ರಾಮನ ಬಾಣ ಶಂಬೂಕನನ್ನು ಬಿಟ್ಟು, ಕೊಲ್ಲಿಸಲು ಬಂದ ಬ್ರಾಹ್ಮಣನನ್ನೇ ಅಟ್ಟುತ್ತದೆ. ದೊಡ್ಡ ಮನಸ್ಸಿನ ನಾಟಕ, ಒಪ್ಪೋಣ. ಆದರೆ ಬಾಣ ತಾನಾಗಿ ತಿರುಗಿದ್ದನ್ನು ನಾವು ಯಾವ ಊರಲ್ಲೂ ನೋಡಿಲ್ಲ. ‘ಕುಸುಮಬಾಲೆ’ಯಲ್ಲಿ ಯಾವ ಬಾಣವೂ ತಿರುಗೋದಿಲ್ಲ, ನಿಜಕ್ಕೆ ಹತ್ತಿರ ಇರೋದು ಅದು.

ಮನುವಿನ ಲೆಕ್ಕವಂತೂ ನೇರವಾಗಿದೆ. ಮರಣದಂಡನೆಯ ಜಾಗದಲ್ಲಿ ಬ್ರಾಹ್ಮಣನಿಗೆ ತಲೆ ಬೋಳಿಸಿದರೆ ಸಾಕು, ಉಳಿದವರಿಗೆ ಪ್ರಾಣ ತೆಗೆಯಬಹುದು. ಒಬ್ಬನಿಗೆ ಕೂದಲು, ಇನ್ನೊಬ್ಬನಿಗೆ ಕತ್ತು. ಬಿಳಿಯರೇನೂ ಕಮ್ಮಿ ಇರಲಿಲ್ಲ. 19ನೇ ಶತಮಾನದ ಮೊದಲ ದಶಕಗಳವರೆಗೂ ಇಂಗ್ಲೆಂಡಿನಲ್ಲಿ ಕುರಿ ಕದ್ದರೂ ಗಲ್ಲಿತ್ತು. ಅವರು ನಮಗೆ ಕೊಟ್ಟ 1860ರ ದಂಡಸಂಹಿತೆ ಬರೀ ಕಳ್ಳತನಕ್ಕೆ ಗಲ್ಲು ಇಡಲಿಲ್ಲ. ಸ್ವತಂತ್ರ ಭಾರತ ಮಾತ್ರ 1989ರಲ್ಲಿ ಮಾದಕ ವಸ್ತು ಕಾಯ್ದೆಗೆ 31ಎ ಕಲಂ ಸೇರಿಸಿತು: ಒಮ್ಮೆ ಶಿಕ್ಷೆಯಾದವನು ಮತ್ತೆ ಭಾರಿ ಮಾಲಿನ ಸಮೇತ ಸಿಕ್ಕಿ ಅಪರಾಧ ಸಾಬೀತಾದರೆ ಗಲ್ಲು ಕಡ್ಡಾಯ. 2011ರಲ್ಲಿ ಬೊಂಬಾಯಿ ಹೈಕೋರ್ಟು ಆ ಕಡ್ಡಾಯವನ್ನು ಒಪ್ಪಲಿಲ್ಲ. 2014ರ ತಿದ್ದುಪಡಿ ಅದನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತು. ಕಲಂ ಹೋಗಿಲ್ಲ. ಮಾಲು ಹೊತ್ತವನು ಸಿಗುತ್ತಾನೆ, ಮಾಲಿನ ಒಡೆಯ ಸಿಗೋದು ಅಪರೂಪ.

ಈಗ ಲಂಚಕ್ಕೂ ಗಲ್ಲು ಬೇಕು ಅನ್ನುವ ಗೆಳೆಯರಿಗೆ ಒಂದು ಮಾತು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಪ್ರಕಟಿಸಿದ ವರದಿಯಂತೆ ಗಲ್ಲುಶಿಕ್ಷೆಯ ತೀರ್ಪು ಪಡೆದವರಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಬಡವರು. ಕೊಲೆ, ಅತ್ಯಾಚಾರದಂಥ ಕೇಸುಗಳಲ್ಲೇ ಲೆಕ್ಕ ಹೀಗಿದೆ. ಲಂಚಕ್ಕೆ ಗಲ್ಲು ಬಂದ ದಿನ ಮೊದಲು ಸಿಕ್ಕಿಬೀಳೋನು 200 ರೂಪಾಯಿ ಈಸಿಕೊಂಡ ಜವಾನ. ಸಾಹೇಬರ ಪರವಾಗಿ ದೊಡ್ಡ ವಕೀಲರು ಬಂದಿರುತ್ತಾರೆ.

ನಮ್ಮವರನ್ನು ಕೊಂದವರ ಮಾತೇನು ಅಂತ ಕೇಳಬಹುದು. ಕೇಳಲೇಬೇಕು. ಆ ನೋವಿನ ಮುಂದೆ ನನ್ನ ಮಾತು ತಡವರಿಸುತ್ತದೆ. 1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ತಡವರಿಸಲಿಲ್ಲ. ಗಲ್ಲುಶಿಕ್ಷೆಯನ್ನೇ ಪೂರ್ತಿ ತೆಗೆದುಹಾಕೋದು ಮೇಲು ಎಂದರು. ಕೊಲೆಗೂ ಬೇಡ ಅಂದವರ ಹೆಸರಲ್ಲಿ ಮೆರವಣಿಗೆ ಹೊರಟು, ಕಳ್ಳತನಕ್ಕೂ ಲಂಚಕ್ಕೂ ಗಲ್ಲು ಕೇಳೋದು ಹೇಗೆ?

ಮೇಷ್ಟ್ರುಗಳು ಮುಂದಿನ ಸಲ ‘ಒಡಲಾಳ’ ಪಾಠ ಮಾಡುವಾಗ ಮಕ್ಕಳಿಗೆ ಇಷ್ಟು ಕೇಳಲಿ: ಎತ್ತಪ್ಪನ ಕಡಲೆಕಾಯಿ ಹುಡುಕಲು ಸರ್ಕಾರವೇ ಬಂತಲ್ಲ, ಸಾಕವ್ವನ ಹುಂಜ ಹುಡುಕಲು ಯಾರು ಬಂದರು?