ಒಂದು ಹಲ್ಲಿನ ವ್ಯತ್ಯಾಸ

ಅಮೆರಿಕದ ರಿಮೋಟ್ ಕಾರುಗಳ ಡ್ರ್ಯಾಗ್ ರೇಸು ಸಾಮಾನ್ಯವಾಗಿ 132 ಅಡಿಯದು; ಅಸಲಿ ಕಾರುಗಳ ಕಾಲು ಮೈಲಿ ಓಟದ ಹತ್ತರಲ್ಲೊಂದು ಪಾಲು. ಇದರ ಸೊಗಸೆಲ್ಲ ಹಿಂದಿನ ಗೇರ್‌ಬಾಕ್ಸಿನಲ್ಲಿದೆ. ಹಿಂಚಕ್ರಗಳಿಗಷ್ಟೇ ಶಕ್ತಿ ಕೊಟ್ಟರೆ ಸಾಕು: ಹೊರಡುವಾಗ ಭಾರ ಹಿಂದಕ್ಕೆ ವಾಲಿ ಟೈರನ್ನು ನೆಲಕ್ಕೆ ಒತ್ತುತ್ತದೆ.

ಮೋಟರಿನ ಪುಟ್ಟ ಗೇರಾದ ಪಿನಿಯನ್‌ಗೆ 24 ಹಲ್ಲು, ಅದು ತಿರುಗಿಸುವ ದೊಡ್ಡ ಸ್ಪರ್ ಗೇರಿಗೆ 72 ಇದ್ದರೆ ಮೋಟರಿನ ಮೂರು ಸುತ್ತಿಗೆ ಸ್ಪರ್‌ನದು ಒಂದು ಸುತ್ತು. ಪಿನಿಯನ್‌ಗೆ ಒಂದೇ ಹಲ್ಲು ಹೆಚ್ಚಿಸಿ ನೋಡಿ: ಕೊನೆಯ ವೇಗ ಏರೀತು, ಹೊರಡುವ ಎಳೆತ ಇಳಿದೀತು. ಎರಡು ಹಿಂಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಸಡಿಲವಿದ್ದರೆ ಹಿಡಿತ ತಪ್ಪಿದ ಚಕ್ರಕ್ಕೇ ಶಕ್ತಿ ಸೋರಿಹೋಗುತ್ತದೆ. ಲಾಕ್ ಮಾಡಿದರೆ ಎರಡೂ ಚಕ್ರ ಜೋಡೆತ್ತಿನ ಹಾಗೆ ಸಮನಾಗಿ ಎಳೆಯುತ್ತವೆ. ಹೊರೆ ಹೆಚ್ಚಾದಾಗ ಜಾರುವ ಸ್ಲಿಪ್ಪರ್ ಕ್ಲಚ್ಚಿನ ನಟ್ಟನ್ನು ತುಸು ಸಡಿಲಿಸಿದರೆ ಹೊರಡುವಾಗಿನ ಮೊದಲ ಏಟನ್ನು ಕ್ಲಚ್ಚೇ ನುಂಗಿಕೊಂಡು ಗೇರಿನ ಹಲ್ಲು ಉಳಿಸುತ್ತದೆ. ನೆಲದ ಹಿಡಿತ ಊರೂರಿಗೆ ಬೇರೆ. ಅದಕ್ಕೇ ಬಲ್ಲವರು ನಾಲ್ಕಾರು ಪಿನಿಯನ್ ಜೊತೆಗಿಟ್ಟುಕೊಂಡೇ ಬರುತ್ತಾರೆ.