ಬಿರುಕು ಓದುವ ವಿದ್ಯೆ

1755ರಲ್ಲಿ ಮೈಸೂರಿನ ಫೌಜುದಾರನಾಗಿ ದಿಂಡಿಗಲ್ಲಿಗೆ ಬಂದ ಹೈದರಾಲಿಗೆ ಅಲ್ಲಿನ ಕಡಿದಾದ ಬೋಳುಬಂಡೆ ಹೊಸದೆನಿಸಿರಲಿಕ್ಕಿಲ್ಲ; ಸಾವನದುರ್ಗ, ನಂದಿದುರ್ಗಗಳ ಸೀಮೆಯಿಂದ ಬಂದವನು. ಸೈನ್ಯಗಳನ್ನು ತಡೆದ ಇಂಥ ಬಂಡೆಗಳನ್ನು ಬೋಲ್ಟು ಕೊರೆಯದೆ ಹತ್ತುವ ಸಾಂಪ್ರದಾಯಿಕ ಶಿಲಾರೋಹಣ ನನಗೆ ಅಚ್ಚುಮೆಚ್ಚು.

ಮುಂದಾಳು ಬಿರುಕು ಕಿರಿದಾಗುವ ಕಡೆ ನಟ್ಟು ಎಂಬ ಲೋಹದ ಬೆಣೆ ಸಿಕ್ಕಿಸುತ್ತಾನೆ. ಬಿರುಕಿನ ಎರಡು ಬದಿಯೂ ಸಮಾನಾಂತರವಾಗಿದ್ದರೆ ಸ್ಪ್ರಿಂಗಿನ ಕ್ಯಾಮ್ ಬೇಕು. ಎಳೆದಷ್ಟೂ ಅಗಲಿಸಿಕೊಂಡು ಕಲ್ಲನ್ನು ಒತ್ತುವ ಈ ಸಾಧನವನ್ನು 1970ರ ದಶಕದಲ್ಲಿ ರೂಪಿಸಿದವರು ಅಮೆರಿಕದ ರೇ ಜಾರ್ಡಿನ್. ಈ ನಟ್ಟು, ಕ್ಯಾಮ್‌ಗಳಿಗೆ ಹಗ್ಗ ಸೇರಿಸುತ್ತಾ ಮುಂದಾಳು ಮೇಲೇರಿದರೆ, ಹಿಂದೆ ಬರುವವನು ಎಲ್ಲವನ್ನೂ ಬಿಚ್ಚಿಕೊಂಡು ಬರುತ್ತಾನೆ. ಕಲ್ಲಿಗೆ ಗಾಯವಿಲ್ಲ.

ಅಪರೂಪಕ್ಕೆ ಯಾರೋ ಹತ್ತುವ ದಾರಿಯಲ್ಲಿ ಬಿರುಕು ಓದುವ ವಿದ್ಯೆಯ ನಿಜವಾದ ಬೆಲೆ ಗೊತ್ತಾಗುತ್ತದೆ. ಬಿರುಕಿನ ತುಂಬ ಮಣ್ಣು, ಹುಲ್ಲಿನ ಬೇರು. ಗಟ್ಟಿಯಾಗಿ ಕಾಣುವ ಚಕ್ಕೆಯನ್ನು ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು. ಅದನ್ನು ಕೇಳಿ ಕೈ ಹಿಂತೆಗೆದು ಇಳಿದುಬರುವವನೇ ನನ್ನ ಲೆಕ್ಕದಲ್ಲಿ ಉತ್ತಮ ಆರೋಹಿ.

ಕಲಿಯುವ ಆಸೆಯಿದ್ದರೆ ಅನುಭವಿಗಳ ಜೊತೆ, ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ. ರಾಮನಗರದ ರಾಮದೇವರಬೆಟ್ಟ ರಣಹದ್ದುಗಳ ಧಾಮ. ಅವು ಗೂಡುಕಟ್ಟುವ ಬಂಡೆಗಳನ್ನು ದಯವಿಟ್ಟು ಅವಕ್ಕೇ ಬಿಡಿ.