ದಾರಿ ಕೊಟ್ಟ ಕೊಡಗು

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದಿ ಮುಗಿಸಿದಾಗ, ದೊರೆ ಕೆಟ್ಟ, ಅದಕ್ಕೇ ಕೊಡಗು ಕೈಬಿಟ್ಟು ಹೋಯ್ತು ಅನ್ನಿಸುತ್ತದೆ. ಕಂಪನಿಯ ಲೆಕ್ಕಾಚಾರವೂ ಕಾದಂಬರಿಯಲ್ಲಿದೆ. ಆದರೆ ನೆನಪಲ್ಲಿ ಉಳಿಯೋದು ಅರಮನೆಯ ಅನಾಚಾರವೇ. ನನ್ನ ತಕರಾರು ಇಲ್ಲೇ ಇರೋದು.

ಕಥೆಯ ಬೇರು 1790ರಲ್ಲಿದೆ. ಟಿಪ್ಪುವಿನ ಕಾಟ ತಪ್ಪಿಸಿಕೊಳ್ಳಲು ದೊಡ್ಡವೀರರಾಜೇಂದ್ರ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ. ಮಲಬಾರಿನಿಂದ ಶ್ರೀರಂಗಪಟ್ಟಣದ ಮೇಲೆ ಹೋಗುವ ಕಂಪನಿ ಸೈನ್ಯಕ್ಕೆ ಕೊಡಗಿನ ಘಟ್ಟದ ದಾರಿ ಬೇಕಿತ್ತು. 1799ರಲ್ಲಿ ಟಿಪ್ಪು ಮಡಿದ. ಕೊಡಗಿನ ಚೌಕಾಸಿಯ ಬಲವೂ ಅಲ್ಲಿಗೇ ಮುಗೀತು. 1834ರಲ್ಲಿ ಅದೇ ಮಿತ್ರರು ಮಡಿಕೇರಿಗೆ ಬಂದು ದೊರೆಯನ್ನು ಇಳಿಸಿದರು.

ದೊರೆಯ ಕ್ರೌರ್ಯ ಅವರಿಗೆ ನೆಪವಾಯ್ತು, ನಿಜ. ಆದರೆ ಇಬ್ಬರು ಬಲಶಾಲಿಗಳ ನಡುವೆ ಇರುವವನಿಗೆ ಅಪಾಯ ಶುರುವಾಗೋದು ಒಬ್ಬ ಸೋತ ದಿನ. ಕಾದಂಬರಿಯನ್ನು ಇನ್ನೊಮ್ಮೆ ಓದಿ, ಈ ಸಲ ಪಕ್ಕದಲ್ಲಿ ನಕ್ಷೆ ಇಟ್ಟುಕೊಂಡು.